ಮುಂಬಯಿಯ ಮಣ್ಣಿನ ಚರಿತ್ರೆ ಮತ್ತು ಅದರ ಶುದ್ಧಿ

ರಾಜ್ಯೋತ್ಸವದ ಸಂದರ್ಭದಲ್ಲಿ ಮುಂಬಯಿಯ ಕನ್ನಡಿಗರು ಒಂದೆಡೆ ಕಲೆತಾಗ ತಾಯ್ನೆಲದ ಮಾತು ಬಾರದೆ ಇರದು. ಧಾರವಾಡ ಸೀಮೆಯವರಿಗೆ ಎರೆಹೊಲದ ಕಪ್ಪು ಮಣ್ಣು ಕಣ್ಣಿಗೆ ಕಟ್ಟುವುದು. ಹಳೆಯ ಮೈಸೂರಿನವರಿಗೆ ರಾಗಿ ಬೆಳೆಯುವ ಕೆಮ್ಮಣ್ಣು. ಕರಾವಳಿಯವರಿಗೆ ಮೊದಲ ಮಳೆಗೆ ನೆನೆದ ಮುರಕಲ್ಲಿನ ಗುಡ್ಡದ ವಾಸನೆ. ಊರಿನ ಮೃತ್ತಿಕೆಯನ್ನು ಗಂಟು ಕಟ್ಟಿ ತಂದು ದೇವರ ಗೂಡಿನಲ್ಲಿ ಇರಿಸಿಕೊಂಡವರೂ ನಮ್ಮಲ್ಲಿ ಉಂಟು. ಇದು ಸಹಜವೇ ಸರಿ. ಆದರೆ ಹೊಟ್ಟೆಗೆ ಅನ್ನ ಕೊಟ್ಟ, ಮಕ್ಕಳಿಗೆ ವಿದ್ಯೆ ಕೊಟ್ಟ ಈ ಮುಂಬಯಿಯ ಮಣ್ಣನ್ನು ಕುರಿತು ನಮ್ಮಲ್ಲಿ ಎಷ್ಟು ಮಂದಿ ಯೋಚಿಸಿದ್ದೇವೆ? ಬಾಡಿಗೆ ಮನೆಯ ಗೋಡೆಗೆ ಸುಣ್ಣ ಬಳಿಯುವುದು ಮಾಲೀಕನ ಕೆಲಸ ಎಂದು ಸುಮ್ಮನಿರುವ ಬಿಡಾರದವನಂತೆ ನಾವು ಮೂರು ನಾಲ್ಕು ತಲೆಮಾರು ಕಳೆದುಬಿಟ್ಟೆವು. ಅಷ್ಟರಲ್ಲಿ ನಮ್ಮ ಮಕ್ಕಳು ಇಲ್ಲಿಯೇ ಹುಟ್ಟಿದರು, ಇಲ್ಲಿಯೇ ಮನೆ ಕೊಂಡರು. ಬಿಡಾರ ಮನೆಯಾಯಿತು, ಪರರ ಮಣ್ಣು ನಮ್ಮ ಮಣ್ಣಾಯಿತು.

ಈ ಮಣ್ಣಿಗೂ ಒಂದು ಚರಿತ್ರೆಯಿದೆ. ಅದು ರಾಜರ, ಗವರ್ನರರ ಚರಿತ್ರೆಯಷ್ಟು ಸೊಗಸಲ್ಲ. ಯಂತ್ರಯುಗವು ಈ ನೆಲದೊಳಗೆ ಏನೇನನ್ನು ಇಳಿಯಬಿಟ್ಟಿತು, ಕೆಟ್ಟ ಮಣ್ಣನ್ನು ತೊಳೆದು ಶುದ್ಧಮಾಡುವ ವಿದ್ಯೆ ಹೇಗೆ ಹುಟ್ಟಿತು, ಆ ವಿದ್ಯೆಗೆ ನಮ್ಮಂಥ ಸಾಮಾನ್ಯರಿಂದ ಆಗಬೇಕಾದ ಉಪಕಾರವೇನು ಎಂಬುದನ್ನು ತಿಳಿದಮಟ್ಟಿಗೆ ಇಲ್ಲಿ ನಿರೂಪಿಸುವೆನು.

ಮುಂಬಯಿ ಮೊದಲು ಏಳು ದ್ವೀಪಗಳಾಗಿತ್ತೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ, ಗವರ್ನರ್ ವಿಲಿಯಂ ಹಾರ್ನ್‌ಬಿಯ ಕಾಲದಲ್ಲಿ, ವರಳಿಯ ಕಡೆ ಸಮುದ್ರದ ನೀರು ಒಳನುಗ್ಗದಂತೆ ಒಡ್ಡು ಕಟ್ಟಿದರು. ಅನಂತರ ನೂರೈವತ್ತು ವರ್ಷಗಳವರೆಗೂ ನಡೆದದ್ದು ಒಂದೇ ಕೆಲಸ: ಗುಡ್ಡ ಕಡಿಯುವುದು, ಜೌಗು ತುಂಬುವುದು. ತುಂಬಿದ್ದು ಗುಡ್ಡದ ಕಲ್ಲುಮಣ್ಣು ಮಾತ್ರವಲ್ಲ. ಊರಿನ ಕಸ, ಒಲೆಯ ಬೂದಿ, ಕಟ್ಟಡ ಕೆಡವಿದ ರಾಡಿ ಎಲ್ಲವೂ ತಗ್ಗಿಗೆ ಬಿದ್ದುವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಸ ಸಾಗಿಸುವುದಕ್ಕೆಂದೇ ಕುರ್ಲಾದಿಂದ ಚೆಂಬೂರಿನ ಕಡೆಗೆ ರೈಲುಹಾದಿ ಹಾಕಿದರು. ಜನ ಅದನ್ನು ಕಚರಾ ಗಾಡಿಯೆಂದು ಕರೆದರು. ಈ ಹೊತ್ತು ಹಾರ್ಬರ್ ಮಾರ್ಗದಲ್ಲಿ ಗೋವಂಡಿ ಚೆಂಬೂರುಗಳಿಗೆ ಓಡಾಡುವ ನಾವು ಕಸದ ಗಾಡಿಯ ಹಾದಿಯಲ್ಲಿಯೇ ಪಯಣಿಸುತ್ತಿದ್ದೇವೆ. 1927ನೆಯ ಇಸವಿಯಿಂದ ದೇವನಾರಿನಲ್ಲಿ ಕಸದ ರಾಶಿ ಬೀಳತೊಡಗಿತು.

ಹೀಗೆ ತುಂಬಿದ ನೆಲದ ಮೇಲೆ ಕೈಗಾರಿಕೆ ಬಂದು ಕುಳಿತಿತು. ಕಾವಸ್‌ಜಿ ನಾನಾಭಾಯಿ ದಾವರರು ತಾರದೇವದಲ್ಲಿ ಸ್ಥಾಪಿಸಿದ ಹತ್ತಿಯ ಗಿರಣಿ 1856ರಲ್ಲಿ ನೂಲು ತೆಗೆಯಿತು. 1865ರಲ್ಲಿ ಬೀದಿಗಳಲ್ಲಿ ಗ್ಯಾಸಿನ ದೀಪಗಳು ಹೊತ್ತಿಕೊಂಡುವು. ಆ ಗ್ಯಾಸು ಆಕಾಶದಿಂದ ಇಳಿದದ್ದಲ್ಲ. ಕಲ್ಲಿದ್ದಲನ್ನು ಭಟ್ಟಿಯಲ್ಲಿ ಕಾಯಿಸಿ ತೆಗೆದದ್ದು. ಗ್ಯಾಸು ಕೊಳವೆಯಲ್ಲಿ ಹೋದರೆ ಡಾಂಬರು, ಗಂಧಕ, ಸಯನೈಡಿನ ಅಂಶಗಳು ಹಿಂದೆ ಉಳಿಯುವುವು. ಯುರೋಪಿನಲ್ಲಿಯೂ ಅಮೆರಿಕದಲ್ಲಿಯೂ ಹಳೆಯ ಗ್ಯಾಸುಮನೆಗಳ ನೆಲವೆಂದರೆ ಮಣ್ಣಿನ ವೈದ್ಯರು ಇಂದಿಗೂ ಎಚ್ಚರಿಕೆಯಿಂದ ಹೆಜ್ಜೆಯಿಡುವರು. ನಮ್ಮ ಲಾಲ್‌ಬಾಗಿನಲ್ಲಿ ಗ್ಯಾಸ್ ಕಂಪನಿ ಗಲ್ಲಿಯೆಂಬ ಹೆಸರು ಉಳಿದಿದೆ. ಹೆಸರು ಏಕೆ ಬಂತೆಂದು ಕೇಳುವವರು ವಿರಳ.

ಗಿರಣಿಯೆಂದರೆ ಬರಿಯ ಹತ್ತಿ, ನೂಲು, ಬಟ್ಟೆಯಲ್ಲ. ಯಂತ್ರಕ್ಕೆ ಎಣ್ಣೆ ಬೇಕು, ಬಾಯ್ಲರಿಗೆ ಕಲ್ಲಿದ್ದಲು ಬೇಕು, ಬಣ್ಣದ ಖಾತೆಗೆ ನೂರು ಬಗೆಯ ರಸಾಯನಗಳು ಬೇಕು. ಬಣ್ಣ ಬಟ್ಟೆಯನ್ನು ಹಿಡಿದುಕೊಳ್ಳಲೆಂದು ಕ್ರೋಮಿಯಂ ಮೊದಲಾದ ಲೋಹಗಳ ಲವಣಗಳನ್ನು ಬಳಸುತ್ತಿದ್ದರು. ಸೋರಿದ ಎಣ್ಣೆ, ಚೆಲ್ಲಿದ ಬಣ್ಣ, ರಾಶಿ ಹಾಕಿದ ಬೂದಿ ಎಲ್ಲಕ್ಕೂ ಕೊನೆಯ ಆಶ್ರಯ ಕಾಲಕೆಳಗಿನ ಮಣ್ಣು.

ಸ್ವಾತಂತ್ರ್ಯಾನಂತರ ಕೈಗಾರಿಕೆಯ ದಿಕ್ಕು ಉಪನಗರದತ್ತ ತಿರುಗಿತು. 1954 ಮತ್ತು 1955ರಲ್ಲಿ ಟ್ರಾಂಬೆಯ ಮಗ್ಗುಲಲ್ಲಿ ಎರಡು ಎಣ್ಣೆಶುದ್ಧಿಯ ಕಾರಖಾನೆಗಳು ಎದ್ದುವು. 1965ರಲ್ಲಿ ರಸಗೊಬ್ಬರದ ಕಾರಖಾನೆ ಉತ್ಪಾದನೆ ಆರಂಭಿಸಿತು. 1962ರಲ್ಲಿ ಮಹಾರಾಷ್ಟ್ರ ಔದ್ಯೋಗಿಕ ವಿಕಾಸ ನಿಗಮ ಸ್ಥಾಪನೆಯಾಯಿತು. ಮುಂದಿನ ವರ್ಷಗಳಲ್ಲಿ ಡೊಂಬಿವಲಿ, ಅಂಬರನಾಥ, ಠಾಣೆ–ಬೇಲಾಪುರ ರಸ್ತೆ, ತಳೋಜಾ ಎಲ್ಲ ಕಡೆಯೂ ಬಣ್ಣ, ಔಷಧ, ಆಮ್ಲಗಳ ಕಾರಖಾನೆಗಳು ಸಾಲುಸಾಲಾಗಿ ನಿಂತುವು. ನಮ್ಮವರಿಗೆ ಅನ್ನದ ದಾರಿ ತೆರೆದದ್ದು ಇಲ್ಲಿಯೇ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಹುಡುಗರು ಈ ಕಾರಖಾನೆಗಳಲ್ಲಿ ಗುಮಾಸ್ತರಾದರು, ಫಿಟ್ಟರಾದರು, ರಸಾಯನಜ್ಞರಾದರು. ಬೆಳಕಿನ ಕೆಳಗೆ ಕತ್ತಲೆ ಇರುವಂತೆ ಈ ಏಳಿಗೆಯ ಕೆಳಗೆ ಮಣ್ಣು ಕೆಡುತ್ತಿತ್ತು. ಅದನ್ನು ತಡೆಯುವ ಕಾನೂನು ಬಹುಕಾಲ ಇರಲೇ ಇಲ್ಲ: ಜಲಮಾಲಿನ್ಯದ ಕಾಯಿದೆ 1974ರದು, ವಾಯುಮಾಲಿನ್ಯದ್ದು 1981ರದು, ಪರಿಸರ ಸಂರಕ್ಷಣೆಯದು 1986ರದು, ಅಪಾಯಕಾರಿ ತ್ಯಾಜ್ಯದ ನಿಯಮಗಳು 1989ರವು. ಅದಕ್ಕೆ ಹಿಂದೆ ಸುರಿದದ್ದಕ್ಕೆ ಲೆಕ್ಕವಿಟ್ಟವರಾರು?

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2009ರಲ್ಲಿ ದೇಶದ 88 ಕೈಗಾರಿಕಾ ಪ್ರದೇಶಗಳ ಗಾಳಿ, ನೀರು, ನೆಲಗಳನ್ನು ಪರಿಶೀಲಿಸಿ ನೂರಕ್ಕೆ ಇಷ್ಟೆಂದು ಅಂಕ ಕೊಟ್ಟಿತು. ಈ ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದವನೇ ಕೆಟ್ಟವನು. 70ನ್ನು ಮೀರಿದರೆ ಅತಿವಿಷಮ ಮಾಲಿನ್ಯ. ಡೊಂಬಿವಲಿಗೆ ದೊರೆತದ್ದು 78.41, ನವಿ ಮುಂಬಯಿಗೆ 73.77, ಚೆಂಬೂರಿಗೆ 69.19. ಈ ಮೂರೂ ಕನ್ನಡಿಗರ ಮನೆಗಳು ದಟ್ಟವಾಗಿರುವ ಸ್ಥಳಗಳೆಂಬುದನ್ನು ಬೇರೆ ಹೇಳಬೇಕಾಗಿಲ್ಲ. 2020ರ ಫೆಬ್ರುವರಿಯಲ್ಲಿ ಡೊಂಬಿವಲಿಯ ಔದ್ಯೋಗಿಕ ವಸತಿಯ ರಸ್ತೆಯೊಂದು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಮುಖ್ಯಮಂತ್ರಿಗಳೇ ಬಂದು ನೋಡಿದರು. ರಸ್ತೆಯ ಬಣ್ಣ ಎಲ್ಲರ ಕಣ್ಣಿಗೂ ಬಿತ್ತು. ಮಣ್ಣಿನೊಳಗಿನ ಬಣ್ಣ ಯಾರ ಕಣ್ಣಿಗೂ ಬೀಳದು.

ಗಾಳಿ ಕೆಟ್ಟರೆ ಮೂಗು ಹೇಳುವುದು, ನೀರು ಕೆಟ್ಟರೆ ನಾಲಗೆ ಹೇಳುವುದು. ಮಣ್ಣು ಮಾತ್ರ ಮೌನಿ. ಆದರೆ ಅದು ಮರೆಯುವುದಿಲ್ಲ. ಹಾಲೆಂಡಿನ ಲೆಕ್ಕರ್‌ಕೆರ್ಕ್ ಎಂಬ ಹಳ್ಳಿಯಲ್ಲಿ ಹಳೆಯ ಕಾಲುವೆಗಳಲ್ಲಿ ಕಸವನ್ನು ತುಂಬಿ, ಮೇಲೆ ಮಣ್ಣು ಹರಡಿ, 1970ರ ದಶಕದಲ್ಲಿ ಅಂದವಾದ ಮನೆಗಳನ್ನು ಕಟ್ಟಿದ್ದರು. ಕಸದಲ್ಲಿ ರಸಾಯನದ ಪೀಪಾಯಿಗಳೂ ಇದ್ದುವು. ಕೆಲವು ವರ್ಷಗಳಲ್ಲಿ ನೆಲದೊಳಗಿನ ದ್ರಾವಕಗಳು ಕುಡಿಯುವ ನೀರಿನ ಕೊಳವೆಯನ್ನೇ ತಿಂದುವು. 1980ರಲ್ಲಿ ಸುಮಾರು 270 ಮನೆಗಳ ಜನರನ್ನು ತೆರವು ಮಾಡಿಸಿ, ಮನೆಗಳ ಅಡಿಯಿಂದ ಮಣ್ಣನ್ನು ತೋಡಿ ಸಾಗಿಸಬೇಕಾಯಿತು. ಅದರ ಫಲವಾಗಿ 1983ರಲ್ಲಿ ಆ ದೇಶ ಮಣ್ಣಿನ ಶುದ್ಧಿಗೆಂದೇ ಕಾನೂನು ಮಾಡಿತು. ಅಮೆರಿಕದಲ್ಲಿಯೂ ಹೀಗೆಯೇ, 1978ರಲ್ಲಿ ಲವ್ ಕೆನಾಲ್ ಎಂಬ ಬಡಾವಣೆಯ ಕೆಳಗೆ ಹೂತ ವಿಷ ಮೇಲೆದ್ದ ಬಳಿಕ 1980ರಲ್ಲಿ ಕಾನೂನು ಬಂತು.

ಅಷ್ಟು ದೂರ ಹೋಗುವುದೇಕೆ? ನಮ್ಮ ಮಾಲಾಡಿನಲ್ಲಿ ಚಿಂಚೋಳಿ ಬಂದರಿನ ಕಸದ ಬಯಲು ಮುಚ್ಚಿ, ಅದರ ಮೇಲೆ ಗಾಜಿನ ಕಚೇರಿಗಳು ಎದ್ದುವು. ಈ ಶತಮಾನದ ಮೊದಲ ದಶಕದಲ್ಲಿ ಅಲ್ಲಿಯ ಕಂಪ್ಯೂಟರುಗಳು ಬಿಟ್ಟೂಬಿಡದೆ ಕೆಡತೊಡಗಿದುವೆಂದೂ, ನೆಲದಿಂದ ಎದ್ದ ಅನಿಲಗಳು ಒಳಗಿನ ತಂತಿಗಳನ್ನು ಸವೆಸಿದುವೆಂದೂ ಪತ್ರಿಕೆಗಳಲ್ಲಿ ಬಂತು. ಯಂತ್ರ ಕೆಟ್ಟರೆ ಹೊಸದು ತರಬಹುದು. ಅದೇ ಗಾಳಿಯನ್ನು ಉಸಿರಾಡಿದ ಮನುಷ್ಯನ ಒಳಗನ್ನು ಬಿಚ್ಚಿ ನೋಡಿದವರಿಲ್ಲ.

ಇನ್ನು ಶುದ್ಧಿಯ ವಿಚಾರ. ಕೆಟ್ಟ ಮಣ್ಣನ್ನು ಎತ್ತಿ ಬೇರೆಡೆ ಸುರಿಯುವುದು ಶುದ್ಧಿಯಲ್ಲ. ನಮ್ಮ ಮನೆಯ ಕಸವನ್ನು ನೆರೆಮನೆಯ ಅಂಗಳಕ್ಕೆ ಗುಡಿಸಿದಂತೆ. ನಿಜವಾದ ಶುದ್ಧಿಗೆ ಮುಖ್ಯವಾಗಿ ಎರಡು ಮಾರ್ಗಗಳುಂಟು: ತೊಳೆಯುವುದು ಮತ್ತು ಜೀವಿಗಳಿಗೆ ಉಣಿಸುವುದು. ಎರಡೂ ನಮ್ಮ ತಾಯಂದಿರಿಗೆ ಹೊಸತಲ್ಲ.

ಊರಿನಲ್ಲಿ ಅಕ್ಕಿ ಗಾಳಿಸುವುದನ್ನು ಕಂಡವರಿಗೆ ಮೊದಲ ಮಾರ್ಗ ಸುಲಭವಾಗಿ ತಿಳಿದೀತು. ಪಾತ್ರೆಯಲ್ಲಿ ನೀರು ಹಾಕಿ ಕುಲುಕಿದರೆ ಭಾರವಾದ ಕಲ್ಲು ತಳದಲ್ಲಿ ನಿಲ್ಲುವುದು, ಅಕ್ಕಿ ನೀರಿನೊಡನೆ ಮುಂದೆ ಸರಿಯುವುದು, ಹುಡಿಧೂಳು ತೇಲಿಹೋಗುವುದು. ನಮ್ಮ ಭಾಷೆಯಲ್ಲಿ ಜಲಗಾರನೆಂಬ ಹಳೆಯ ಮಾತಿದೆ. ಮಣ್ಣನ್ನು ನೀರಿನಲ್ಲಿ ಜಾಲಿಸಿ ಚಿನ್ನದ ಹುಡಿಯನ್ನು ಅರಸುವವನು ಎಂಬುದು ಅದರ ಅರ್ಥಗಳಲ್ಲೊಂದು. ಝವೇರಿ ಬಜಾರಿನ ಗಲ್ಲಿಗಳಲ್ಲಿ ಬೆಳಗಿನ ಜಾವ ಹೋದರೆ ಅಂಥವರನ್ನು ಇಂದಿಗೂ ಕಾಣಬಹುದು. ಅಕ್ಕಸಾಲೆಗಳ ಬಾಗಿಲಿನ ಧೂಳನ್ನೂ ಮೋರಿಯ ರಾಡಿಯನ್ನೂ ಘಮೇಲಾದಲ್ಲಿ ತುಂಬಿ, ತೊಳೆತೊಳೆದು, ಸಾಸಿವೆಯಷ್ಟು ಚಿನ್ನವನ್ನು ಹಿಡಿಯುವರು. ಅದೇ ವಿದ್ಯೆಯನ್ನು ಚಿನ್ನದ ಬದಲು ವಿಷವನ್ನು ಹಿಡಿಯಲು ಬಳಸಿದರೆ ಅದೇ ಮಣ್ಣು ತೊಳೆಯುವ ಯಂತ್ರ.

ಇದರ ಮರ್ಮ ಹೀಗಿದೆ. ಮಣ್ಣಿನಲ್ಲಿ ಕಲ್ಲು, ಮರಳು, ಗೋಡು, ಜೇಡಿ ಎಂಬ ಸಣ್ಣ ದೊಡ್ಡ ಕಣಗಳಿರುವುವು. ಸೀಸ, ತಾಮ್ರ, ಕ್ರೋಮಿಯಂ, ಎಣ್ಣೆಯ ಜಿಡ್ಡು ಇವೆಲ್ಲ ಹೆಚ್ಚಾಗಿ ಅಂಟಿಕೊಳ್ಳುವುದು ಅತಿ ನುಣುಪಾದ ಜೇಡಿಯ ಕಣಗಳಿಗೆ. ಮಣ್ಣನ್ನು ತೋಡಿ, ಜರಡಿಯಾಡಿಸಿ, ನೀರಿನಲ್ಲಿ ರಭಸದಿಂದ ಉಜ್ಜಿದರೆ ನುಣ್ಣನೆಯ ಕಣಗಳು ಮರಳಿನಿಂದ ಬಿಟ್ಟುಕೊಳ್ಳುವುವು. ಜಿಡ್ಡಿಗೆ ಸಾಬೂನಿನಂಥ ದ್ರವ್ಯವನ್ನೂ ಲೋಹಕ್ಕೆ ಮಂದವಾದ ಆಮ್ಲವನ್ನೂ ಬೆರೆಸುವುದುಂಟು. ಶುದ್ಧವಾದ ಕಲ್ಲು ಮರಳು ಅಲ್ಲಿಯೇ ಮರಳಿ ನೆಲಕ್ಕೆ ಸೇರುವುದು. ವಿಷವೆಲ್ಲ ಒಟ್ಟಾದ ಸ್ವಲ್ಪ ಕೆಸರನ್ನು ಬೇರೆ ಸಂಸ್ಕರಿಸಿ ಭದ್ರವಾದ ಗುಂಡಿಗೆ ಕಳುಹಿಸುವರು; ತೊಳೆದ ನೀರನ್ನೂ ಶುದ್ಧಮಾಡಿ ಮತ್ತೆ ಬಳಸುವರು. ತೊಳೆಯುವುದರಿಂದ ವಿಷ ಮಾಯವಾಗುವುದಿಲ್ಲ. ಹತ್ತು ಗಾಡಿಯಲ್ಲಿ ಹರಡಿದ್ದು ಒಂದು ಗಾಡಿಗೆ ಇಳಿಯುವುದು.

ಅಮೆರಿಕದ ನ್ಯೂಜೆರ್ಸಿಯಲ್ಲಿ 1993ರಲ್ಲಿ ಕ್ರೋಮಿಯಂ, ತಾಮ್ರ, ನಿಕ್ಕಲುಗಳಿಂದ ಕೆಟ್ಟ ಸುಮಾರು 19,000 ಟನ್ ಮಣ್ಣನ್ನು ಹೀಗೆ ತೊಳೆದರು. 2012ರ ಒಲಿಂಪಿಕ್ ಪಂದ್ಯಗಳಿಗಾಗಿ ಲಂಡನ್ ನಗರ ತನ್ನ ಪೂರ್ವಭಾಗದ ಹಳೆಯ ಕಾರಖಾನೆಗಳ ನೆಲವನ್ನು ಆರಿಸಿಕೊಂಡಿತು. ಅಲ್ಲಿ ಐದು ತೊಳೆಯುವ ಯಂತ್ರಗಳನ್ನು ಹೂಡಿ, ಜೀವಿಗಳಿಂದ ಶುದ್ಧಿಮಾಡುವ ರಾಶಿಗಳನ್ನೂ ಹಾಕಿ, ಆ ಸ್ಥಳಕ್ಕೆ ಮಣ್ಣಿನ ಆಸ್ಪತ್ರೆಯೆಂದು ಹೆಸರಿಟ್ಟರು. ಅಗೆದ ಮಣ್ಣಿನಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಪಾಲು ಅಲ್ಲಿಯೇ ಉಪಯೋಗಕ್ಕೆ ಬಂತು.

ಹಾಗಾದರೆ ಮುಂಬಯಿಯಲ್ಲಿಯೂ ತೊಳೆದುಬಿಡಬಾರದೇ ಎಂದು ಕೇಳಬಹುದು. ಇಲ್ಲೊಂದು ತೊಡಕುಂಟು. ಮರಳು ಹೆಚ್ಚಿರುವ ಮಣ್ಣು ಸುಲಭವಾಗಿ ತೊಳೆಯಲ್ಪಡುವುದು. ನಮ್ಮ ಖಾಡಿಗಳ ದಂಡೆಯಲ್ಲಿ, ಭರ್ತಿ ಮಾಡಿದ ಮಣ್ಣಿನ ಕೆಳಗೆ, ಕಪ್ಪಾದ ಸಮುದ್ರದ ಜೇಡಿ ಇದೆ. ಅದನ್ನು ಗಾಳಿಸಲು ಹೊರಟರೆ ಅಕ್ಕಿಯ ಬದಲು ಅಕ್ಕಿಹಿಟ್ಟನ್ನು ಗಾಳಿಸಿದಂತಾಗುವುದು. ಆದುದರಿಂದ ಎಲ್ಲಿ ಯಾವ ಮಣ್ಣಿದೆ, ಅದರಲ್ಲಿ ಏನು ಬಿದ್ದಿದೆ ಎಂಬುದನ್ನು ಅರಿಯದೆ ಯಂತ್ರ ಹೂಡುವುದು ವ್ಯರ್ಥ.

ತೊಳೆಯುವ ಮಾತನ್ನು ನಮ್ಮ ದೇಶದಲ್ಲಿ ಹೆಚ್ಚು ಪ್ರಸಿದ್ಧಗೊಳಿಸಿದ್ದು ಕೊಡೈಕನಾಲಿನ ಪ್ರಕರಣ. ಊರು ತಮಿಳುನಾಡಿನದಾದರೂ ಕಂಪನಿಯ ಪ್ರಧಾನ ಕಚೇರಿ ನಮ್ಮ ಮುಂಬಯಿಯದು. ಅಮೆರಿಕದಿಂದ ಕಿತ್ತು ತಂದು 1983ರಲ್ಲಿ ಆ ಬೆಟ್ಟದೂರಿನಲ್ಲಿ ನಿಲ್ಲಿಸಿದ ಥರ್ಮಾಮೀಟರ್ ಕಾರಖಾನೆ ಮುಂದೆ ಹಿಂದುಸ್ಥಾನ್ ಲಿವರ್ ಕಂಪನಿಯ ಸ್ವಾಧೀನಕ್ಕೆ ಬಂತು. 2001ರಲ್ಲಿ ಪಾದರಸ ಮೆತ್ತಿದ ಒಡೆದ ಗಾಜು ಊರಿನ ಗುಜರಿಯಲ್ಲಿ ಕಂಡುಬಂದಾಗ ಜನ ಪ್ರತಿಭಟಿಸಿದರು, ಕಾರಖಾನೆ ಮುಚ್ಚಿತು. 2003ರಲ್ಲಿ ಸುಮಾರು 290 ಟನ್ ಪಾದರಸಯುಕ್ತ ತ್ಯಾಜ್ಯವನ್ನು ಹಡಗಿನಲ್ಲಿ ಅಮೆರಿಕಕ್ಕೆ ಹಿಂದಿರುಗಿಸಿದರು. ಆದರೆ ಕಾರಖಾನೆಯ ಆವರಣದ ಮಣ್ಣು? ಅದನ್ನು ಅಲ್ಲಿಯೇ ತೊಳೆದು, ವಿಷ ಒಟ್ಟಾದ ಭಾಗವನ್ನು ಕಾಯಿಸಿ, ಪಾದರಸವನ್ನು ಆವಿಯಾಗಿಸಿ ಹಿಡಿಯುವುದೆಂಬ ಯೋಜನೆಯಾಯಿತು. ಎಷ್ಟು ಶುದ್ಧವಾದರೆ ಸಾಕು ಎಂಬ ಪ್ರಶ್ನೆಯಲ್ಲಿ ವಾದ ಬೆಳೆಯಿತು. ಒಂದು ಕಿಲೋ ಮಣ್ಣಿನಲ್ಲಿ 20 ಮಿಲಿಗ್ರಾಂ ಪಾದರಸ ಉಳಿಯಬಹುದೆಂಬ ಮಿತಿಯನ್ನು ಇಲ್ಲಿ ಇಟ್ಟರು. ಇಂಗ್ಲೆಂಡಿನಲ್ಲಿ ವಸತಿಯ ನೆಲಕ್ಕೆ 1 ಮಿಲಿಗ್ರಾಂ ಮಿತಿಯಿರುವಾಗ ನಮಗೇಕೆ ಈ ಭೇದ ಎಂದು ಹೋರಾಟಗಾರರು ಕೇಳಿದರು. 2016ರಲ್ಲಿ 591 ಮಂದಿ ಹಳೆಯ ಕಾರ್ಮಿಕರೊಡನೆ ಕಂಪನಿ ಒಪ್ಪಂದ ಮಾಡಿಕೊಂಡಿತು. ಕಾರಖಾನೆ ನಡೆದದ್ದು ಹದಿನೆಂಟು ವರ್ಷ. ಅದು ಮುಚ್ಚಿ ಅಷ್ಟೇ ವರ್ಷ ಕಳೆದರೂ ಮಣ್ಣಿನ ವ್ಯಾಜ್ಯ ಹರಿದಿರಲಿಲ್ಲ. ಕೆಡಿಸುವುದು ಒಂದು ಗಳಿಗೆಯ ಕೆಲಸ, ಕೂಡಿಸುವುದು ಒಂದು ತಲೆಮಾರಿನದು.

ಎರಡನೆಯ ಮಾರ್ಗ ಜೀವಿಗಳದು. ಹಿತ್ತಿಲ ತಿಪ್ಪೆಯಲ್ಲಿ ಸಗಣಿ, ಸೊಪ್ಪು, ಬೂದಿ ಬಿದ್ದು ಆರು ತಿಂಗಳಿಗೆ ಕಪ್ಪನೆಯ ಗೊಬ್ಬರವಾಗುವುದನ್ನು ನೋಡದ ರೈತನ ಮಗನಿಲ್ಲ. ಆ ಕೆಲಸ ಕಣ್ಣಿಗೆ ಕಾಣದ ಅಣುಜೀವಿಗಳದು. ಅವುಗಳಲ್ಲಿ ಕೆಲವು ಬಗೆಗಳು ಎಣ್ಣೆಯನ್ನೇ ಆಹಾರ ಮಾಡಿಕೊಂಡು, ಅದನ್ನು ಇಂಗಾಲಾಮ್ಲ ಮತ್ತು ನೀರಾಗಿ ಒಡೆಯಬಲ್ಲುವು. ಎಣ್ಣೆ ನೆನೆದ ಮಣ್ಣನ್ನು ರಾಶಿ ಮಾಡಿ, ಸಾರಜನಕ ರಂಜಕಗಳ ಗೊಬ್ಬರ ಬೆರೆಸಿ, ಹದವಾಗಿ ನೀರು ಚಿಮುಕಿಸಿ, ಆಗಾಗ ಮಗುಚಿ ಗಾಳಿಯಾಡಿಸಿದರೆ ತಿಂಗಳುಗಳಲ್ಲಿ ಮಣ್ಣು ಚೇತರಿಸಿಕೊಳ್ಳುವುದು. ನೆಲದಲ್ಲಿ ಅಂಥ ಜೀವಿಗಳು ಸಾಲದಿದ್ದರೆ ಹೊರಗಿನಿಂದ ತಂದು ಬೆರೆಸುವರು. ಹಾಲಿಗೆ ಹೆಪ್ಪು ಹಾಕಿದಂತೆ.

ಈ ವಿದ್ಯೆಯ ಚರಿತ್ರೆಯಲ್ಲಿ ಭಾರತೀಯರ ಹೆಸರು ಹಿರಿದು. ಬಂಗಾಳದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಆನಂದಮೋಹನ ಚಕ್ರವರ್ತಿಯವರು 1971ರ ಸುಮಾರಿಗೆ ಎಣ್ಣೆಯ ಹಲವು ಅಂಶಗಳನ್ನು ಒಟ್ಟಿಗೆ ಒಡೆಯಬಲ್ಲ ಅಣುಜೀವಿಯನ್ನು ಪ್ರಯೋಗಶಾಲೆಯಲ್ಲಿ ರೂಪಿಸಿದರು. ಜೀವಿಗೆ ಪೇಟೆಂಟು ಕೊಡಬಹುದೇ ಎಂಬ ಪ್ರಶ್ನೆ ಅಲ್ಲಿಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 1980ರಲ್ಲಿ ಐವರು ನ್ಯಾಯಾಧೀಶರು ಅವರ ಪರವಾಗಿಯೂ ನಾಲ್ವರು ವಿರೋಧವಾಗಿಯೂ ನಿಂತು, ಪೇಟೆಂಟು ಸ್ಥಿರವಾಯಿತು. 1989ರಲ್ಲಿ ಎಕ್ಸಾನ್ ವಾಲ್ಡೀಜ್ ಹಡಗು ಒಡೆದು ಅಲಾಸ್ಕದ ತೀರಕ್ಕೆ ಎಣ್ಣೆ ಮೆತ್ತಿದಾಗ ಅಲ್ಲಿ ಹೊಸ ಜೀವಿಯನ್ನೇನೂ ತಂದು ಬಿಡಲಿಲ್ಲ. ದಂಡೆಯಲ್ಲಿ ಮೊದಲೇ ಇದ್ದ ಅಣುಜೀವಿಗಳಿಗೆ ಗೊಬ್ಬರ ಚೆಲ್ಲಿ ಬಲ ಕೊಟ್ಟರು. ನಮ್ಮಲ್ಲಿ ದೆಹಲಿಯ ಟೇರಿ ಸಂಸ್ಥೆಯ ಬನ್ವಾರಿಲಾಲ್ ಮತ್ತು ಸಂಗಡಿಗರು ಎಣ್ಣೆಯಲ್ಲಿ ಬದುಕುವ ಐದು ಬಗೆಯ ಬ್ಯಾಕ್ಟೀರಿಯಗಳನ್ನು ಕೂಡಿಸಿ, ಜೋಳದ ದಿಂಡಿನ ಹುಡಿಯಲ್ಲಿ ನೆಲೆಗೊಳಿಸಿ, ಆಯಿಲ್‌ಜ್ಯಾಪರ್ ಎಂಬ ಹೆಪ್ಪನ್ನು ಸಿದ್ಧಪಡಿಸಿದರು. ದೇಶದ ಎಣ್ಣೆಬಾವಿಗಳ, ಎಣ್ಣೆಶುದ್ಧಿಯ ಕಾರಖಾನೆಗಳ ಕೊಚ್ಚೆಯನ್ನು ಅದರಿಂದ ಶುದ್ಧಮಾಡಿದರು.

ಅದು ಮುಂಬಯಿಗೂ ಬಂತು. 2010ರ ಆಗಸ್ಟ್ 7ರಂದು ನಮ್ಮ ಬಂದರಿನ ಬಾಯಿಯಲ್ಲಿ ಚಿತ್ರಾ ಮತ್ತು ಖಲೀಜಿಯಾ ಎಂಬ ಎರಡು ಹಡಗುಗಳು ಡಿಕ್ಕಿ ಹೊಡೆದುವು. ಚಿತ್ರಾ ಒಂದು ಕಡೆಗೆ ವಾಲಿತು, ಪೆಟ್ಟಿಗೆಗಳು ಸಮುದ್ರಕ್ಕುರುಳಿದುವು, ಸುಮಾರು 800 ಟನ್ ಎಣ್ಣೆ ನೀರಿಗಿಳಿಯಿತು. ಉರಣ್, ಘಾರಾಪುರಿ, ವಾಶಿಗಳ ಕಾಂಡ್ಲಾ ಗಿಡಗಳ ಬೇರುಗಳಿಗೆ ಕಪ್ಪು ಜಿಡ್ಡು ಮೆತ್ತಿಕೊಂಡಿತು. ಕೆಲವು ದಿನ ಮೀನು ಕೊಳ್ಳುವವರಿರಲಿಲ್ಲ. ಆ ದಿನಗಳ ನಷ್ಟವನ್ನು ನಮ್ಮ ಮೀನುವ್ಯಾಪಾರದ ಬಂಧುಗಳು ಮರೆತಿರಲಾರರು. ಅಂದು ದಂಡೆಯಿಂದ ಬಾಚಿದ ಎಣ್ಣೆ ಬೆರೆತ ಮರಳುಮಣ್ಣಿನ ಶುದ್ಧಿಗೆ ಈ ಹೆಪ್ಪನ್ನು ಬಳಸಿದರು. ನಮ್ಮ ಹವೆಯ ಬೆಚ್ಚಗಿನ ಗುಣ ಅಣುಜೀವಿಗಳಿಗೆ ಒಪ್ಪುವಂಥದು. ಅಲಾಸ್ಕದ ಚಳಿಯಲ್ಲಿ ನಿಧಾನವಾಗಿ ನಡೆಯುವ ಕೆಲಸ ಇಲ್ಲಿ ಬೇಗನೆ ಸಾಗುವುದು. ಆದರೆ ಮಳೆಗಾಲದ ನಾಲ್ಕು ತಿಂಗಳು ಮಣ್ಣಿನ ರಾಶಿಗೆ ಮಾಡು ಹಾಕದಿದ್ದರೆ ವಿಷವೆಲ್ಲ ತೊಳೆದು ಖಾಡಿಗೆ ಹರಿಯುವುದು.

ಈ ಮಾರ್ಗಕ್ಕೂ ಮಿತಿಯುಂಟು. ಬ್ಯಾಕ್ಟೀರಿಯ ಎಣ್ಣೆಯನ್ನು ತಿಂದೀತು, ಸೀಸವನ್ನು ತಿನ್ನಲಾರದು. ಸೀಸ, ಕ್ಯಾಡ್ಮಿಯಂ, ಪಾದರಸಗಳು ಮೂಲವಸ್ತುಗಳು. ಅವನ್ನು ಒಡೆಯುವ ಜೀವಿಯಿಲ್ಲ. ಹೆಚ್ಚೆಂದರೆ ರೂಪ ಬದಲಾಯಿಸಬಹುದು. ಕ್ರೋಮಿಯಮ್ಮಿನ ವಿಷರೂಪವನ್ನು ಕಡಮೆ ಅಪಾಯದ ರೂಪಕ್ಕೆ ತಿರುಗಿಸುವ ಅಣುಜೀವಿಗಳುಂಟು. ಆದುದರಿಂದ ಎಣ್ಣೆಗೆ ತಿಪ್ಪೆಯ ಮಾರ್ಗ, ಲೋಹಕ್ಕೆ ಗಾಳಿಸುವ ಮಾರ್ಗ, ಎರಡೂ ಕೂಡಿದಲ್ಲಿ ಒಂದಾದ ಮೇಲೊಂದು. ವೈದ್ಯನು ರೋಗಿಯ ಪೂರ್ವವೃತ್ತಾಂತವನ್ನು ಕೇಳಿ ಮದ್ದು ಕೊಡುವಂತೆ ಮಣ್ಣಿಗೂ ಮದ್ದು ಬೇರೆಬೇರೆ.

ಇಲ್ಲಿ ಕಸದ ಬೆಟ್ಟಗಳ ವಿಚಾರವನ್ನೂ ಹೇಳಬೇಕು. ಗೋರಾಯಿಯಲ್ಲಿ 1972ರಿಂದ ಬಿದ್ದ ರಾಶಿಯನ್ನು ಮಣ್ಣು ಹೊದಿಸಿ 2009ರ ಹೊತ್ತಿಗೆ ಶಾಸ್ತ್ರೀಯವಾಗಿ ಮುಚ್ಚಿದರು. 1967ರಿಂದ ಬಳಕೆಯಲ್ಲಿದ್ದ ಮುಲುಂಡಿನ ಬಯಲನ್ನು 2018ರಲ್ಲಿ ನಿಲ್ಲಿಸಿ, ಸುಮಾರು 70 ಲಕ್ಷ ಟನ್ ಕಸವನ್ನು ಅಗೆದು, ಅಣುಜೀವಿಗಳ ದ್ರವ ಚಿಮುಕಿಸಿ, ಜರಡಿಯಾಡಿಸಿ ನೆಲವನ್ನು ಬಿಡಿಸುವ ಕೆಲಸ ಕೊಟ್ಟರು. ಗಡುವು ಮುಂದಕ್ಕೆ ಹೋಯಿತು. ದೇವನಾರಿನ ಸುಮಾರು 185 ಲಕ್ಷ ಟನ್ ರಾಶಿಗೆ 2025ರಲ್ಲಿ ಇಂಥದೇ ಯೋಜನೆ ಹೊರಟಿತು. 2016ರ ಜನವರಿಯಲ್ಲಿ ಆ ರಾಶಿಗೆ ಹತ್ತಿದ ಬೆಂಕಿಯ ಹೊಗೆಯಲ್ಲಿ ಚೆಂಬೂರಿನ ಮನೆಮನೆಯೂ ಕೆಮ್ಮಿತ್ತು. ಆದರೆ ಜರಡಿಯ ಕೆಳಗೆ ಬೀಳುವ ಕಪ್ಪು ಹುಡಿಯನ್ನು ಗೊಬ್ಬರವೆಂದು ನಂಬಿ ತೋಟಕ್ಕೆ ಹಾಕುವ ಮುನ್ನ ಪರೀಕ್ಷೆ ಅಗತ್ಯ. ಬ್ಯಾಟರಿ, ಬಣ್ಣ, ತಂತಿಗಳು ಕೊಳೆತಲ್ಲಿ ಲೋಹ ಉಳಿದೇ ಇರುವುದು.

2025ರ ಜುಲೈಯಲ್ಲಿ ಕೇಂದ್ರ ಸರಕಾರ ಮಲಿನ ಸ್ಥಳಗಳ ನಿರ್ವಹಣೆಗೆಂದೇ ನಿಯಮಗಳನ್ನು ಹೊರಡಿಸಿತು. ಹಾಲೆಂಡಿಗಿಂತ ನಲವತ್ತು ವರ್ಷ ತಡವಾದರೂ ಸ್ವಾಗತಾರ್ಹವೇ. ಶಂಕೆಯುಳ್ಳ ಸ್ಥಳಗಳನ್ನು ಜಿಲ್ಲಾಡಳಿತ ಗುರುತಿಸಿ ವರದಿ ಮಾಡಬೇಕು, ರಾಜ್ಯದ ಮಂಡಳಿ ಪರೀಕ್ಷಿಸಬೇಕು, ಕೆಡಿಸಿದವನೇ ಶುದ್ಧಿಯ ವೆಚ್ಚ ಕೊಡಬೇಕು ಎಂಬುದು ಅದರ ಸಾರ. ಆಗ ದೇಶದಲ್ಲಿ ಗುರುತಾಗಿದ್ದ ಮಲಿನ ಸ್ಥಳಗಳು 103. ಶುದ್ಧಿಯ ಕೆಲಸ ಆರಂಭವಾಗಿದ್ದುದು ಕೇವಲ ಏಳರಲ್ಲಿ. ಕಸದ ಬಯಲುಗಳನ್ನು ಈ ನಿಯಮಗಳು ಸಾಮಾನ್ಯವಾಗಿ ಹೊರಗಿರಿಸಿವೆ.

ಶಂಕೆಯುಳ್ಳ ಸ್ಥಳವನ್ನು ಗುರುತಿಸಬೇಕು ಸರಿ. ಗುರುತಿಸುವುದು ಹೇಗೆ? ನಾನು ಈ ಲೇಖನವನ್ನು ಬರೆಯಲು ಕಾರಣವಾದ ಪ್ರಶ್ನೆ ಇದೇ. ಮಣ್ಣಿನ ಶುದ್ಧಿಯ ಮೊದಲ ಉಪಕರಣ ಯಂತ್ರವಲ್ಲ, ಚರಿತ್ರೆ. ಪರದೇಶಗಳಲ್ಲಿ ತಜ್ಞರು ಗುದ್ದಲಿ ಹಿಡಿಯುವ ಮುನ್ನ ಹಳೆಯ ನಕಾಶೆಗಳನ್ನು ತೆಗೆಯುವರು, ಕಾರಖಾನೆಯ ದಫ್ತರಗಳನ್ನು ಓದುವರು, ಅಲ್ಲಿ ದುಡಿದ ಮುದುಕರನ್ನು ಹುಡುಕಿಕೊಂಡು ಹೋಗಿ ಕೇಳುವರು. ಪೀಪಾಯಿಗಳನ್ನು ಎಲ್ಲಿ ಇಡುತ್ತಿದ್ದರು? ಮೋರಿ ಯಾವ ಕಡೆಗೆ ಹರಿಯುತ್ತಿತ್ತು? ಯಾವ ಬಾವಿಯನ್ನು ಯಾವಾಗ ಮುಚ್ಚಿದರು, ಏಕೆ? ದಫ್ತರದಲ್ಲಿ ಇಲ್ಲದ ಉತ್ತರ ಮುದುಕನ ನೆನಪಿನಲ್ಲಿ ಇರುವುದು.

1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಹೊರಬಂದರು. ಬಹುಮಂದಿ ಮರಳಿ ಒಳಹೋಗಲೇ ಇಲ್ಲ. ಗಿರಣಿಗಳು ಮುಚ್ಚಿದುವು; ಸುಮಾರು 600 ಎಕರೆ ಗಿರಣಿನೆಲದಲ್ಲಿ ಮಾಳಿಗೆಯ ಮೇಲೆ ಮಾಳಿಗೆ ಏಳತೊಡಗಿತು. ಕಾರ್ಮಿಕರು ಚದುರಿದಂತೆ ಅವರ ನೆನಪೂ ಚದುರಿತು. ಬಣ್ಣದ ಖಾತೆ ಎಲ್ಲಿತ್ತೆಂದು ಬಲ್ಲವನು ಇಂದು ಯಾವುದೋ ಹಳ್ಳಿಯ ಜಗಲಿಯಲ್ಲಿ ಕುಳಿತಿರುವನು. ಆ ಖಾತೆಯ ನೆಲದ ಮೇಲೆ ಮಕ್ಕಳ ಉಯ್ಯಾಲೆ ಆಡುತ್ತಿರಬಹುದು. ಚೆಂಬೂರು, ಡೊಂಬಿವಲಿ, ಅಂಬರನಾಥ, ಬೇಲಾಪುರ ರಸ್ತೆಯ ಕಾರಖಾನೆಗಳಲ್ಲಿ ಮೂವತ್ತು ನಲವತ್ತು ವರ್ಷ ಸವೆಸಿದ ಹಿರಿಯರು ನಮ್ಮ ಸಂಘಗಳ ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುವರು. ಅವರಿಗೆ ಶಾಲು ಹೊದಿಸಿ, ಹಣ್ಣು ಕೊಟ್ಟು ಗೌರವಿಸುವ ಸಂಪ್ರದಾಯ ನಮ್ಮಲ್ಲಿದೆ, ಒಳ್ಳೆಯದೇ. ಅದರೊಡನೆ ಒಂದು ಗಳಿಗೆ ಕುಳಿತು ಅವರ ಮಾತನ್ನು ಕೇಳಿ ಬರೆದಿಡುವ ಸಂಪ್ರದಾಯವನ್ನೂ ಆರಂಭಿಸಬಾರದೇ?

ಇದು ಯಾರ ಮೇಲೂ ದೂರು ಹೊರಿಸುವ ಕೆಲಸವಲ್ಲ. ಅಂದು ಚೆಲ್ಲಿದವರು ಬಹುಮಟ್ಟಿಗೆ ಮೇಲಿನವರ ಅಪ್ಪಣೆಯಂತೆ ಚೆಲ್ಲಿದರು. ಎಷ್ಟೋ ಮಂದಿ ಬರಿಗೈಯಲ್ಲಿ, ಬರಿಗಾಲಿನಲ್ಲಿ ಆ ವಿಷದ ನಡುವೆಯೇ ದುಡಿದರು. ಅವರ ನೆನಪು ಅಪರಾಧದ ಸಾಕ್ಷಿಯಲ್ಲ, ಚಿಕಿತ್ಸೆಯ ಮೊದಲ ಚೀಟಿ. ಪ್ರತಿಯೊಂದು ಕನ್ನಡ ಸಂಘವೂ ಒಂದು ದಪ್ಪ ಪುಸ್ತಕವನ್ನು ಇಟ್ಟು, ತನ್ನ ಸದಸ್ಯರು ದುಡಿದ ಕಾರಖಾನೆ, ಅದರ ಸ್ಥಳ, ಅಲ್ಲಿ ಬಳಸಿದ ವಸ್ತು, ತ್ಯಾಜ್ಯ ಹೋದ ದಾರಿ, ಇಷ್ಟನ್ನು ಕನ್ನಡದಲ್ಲಿಯೇ ಬರೆದಿಟ್ಟರೂ ಸಾಕು. ನಾಳೆ ಆ ನೆಲದಲ್ಲಿ ಮನೆ ಕೊಳ್ಳುವವರಿಗೆ, ಶಾಲೆ ಕಟ್ಟುವವರಿಗೆ, ಮಣ್ಣು ಪರೀಕ್ಷಿಸುವ ಅಧಿಕಾರಿಗೆ ಅದು ದೀಪವಾದೀತು.

ಊರಿನ ಮಣ್ಣನ್ನು ಹಣೆಗೆ ಹಚ್ಚಿಕೊಳ್ಳುವ ನಾವು ಈ ಊರಿನ ಮಣ್ಣಿಗೂ ಋಣಿಗಳು. ಆ ಋಣ ಹಣದಿಂದ ತೀರುವಂಥದಲ್ಲ. ನಮ್ಮ ಹಿರಿಯರ ನೆನಪಿನಲ್ಲಿ ಅದರ ಒಂದು ಕಂತು ಉಳಿದಿದೆ. ಹಿರಿಯರು ನಮ್ಮ ನಡುವೆ ಇರುವಾಗಲೇ ಅದನ್ನು ಸಲ್ಲಿಸೋಣ. ಈ ನವೆಂಬರಿನ ಸಭೆ ಮುಗಿಯುವ ಮುನ್ನ ನಿಮ್ಮ ಪಕ್ಕದಲ್ಲಿ ಕುಳಿತ ಹಿರಿಯರನ್ನು ಮೆಲ್ಲನೆ ಕೇಳಿ: “ಮಾವ, ನೀವು ದುಡಿದ ಕಾರಖಾನೆ ಎಲ್ಲಿತ್ತು? ಅಲ್ಲಿಯ ನೀರು ಎಲ್ಲಿಗೆ ಹರಿಯುತ್ತಿತ್ತು?”